ಮೂವತ್ತೆಂಟು ಕಿಲೋ

ಚಿತ್ರದುರ್ಗ
ಬೆಳಿಗ್ಗೆ ಆರೂವರೆ

ಹೆಂಗಸರ ವಾರ್ಡಿನ ಹಿರಿಯ ಡಾಕ್ಟರ್ ಅವರಿಗೆ,

ಹದಿನಾಲ್ಕನೇ ಹಾಸಿಗೆಯ ಹುಸೇನ್ ಬೀ ಅವರ ಮೊಮ್ಮಗಳು ಅರ್ಫಾ ಬರೆಯುತ್ತಿರುವುದು. ಕೇಸ್ ಶೀಟಿನಲ್ಲಿ ಅಜ್ಜಿಯ ತೂಕವನ್ನು ತಿದ್ದಿದ್ದಕ್ಕೆ ಕ್ಷಮಾಪಣೆ ಬರೆದುಕೊಡಲು ಹೇಳಿದ್ದೀರಿ.

ಸೇರಿಸಿದ ದಿನ ಅಜ್ಜಿಗೆ ನಿಲ್ಲಲು ಆಗುತ್ತಿರಲಿಲ್ಲ. ಬರೆದುಕೊಳ್ಳುವವರು ಬುರ್ಖಾವನ್ನೂ ಮೇಲೆ ಹೊದಿಸಿದ್ದ ಕಂಬಳಿಯನ್ನೂ ಒಮ್ಮೆ ನೋಡಿ ಐವತ್ತೈದು ಎಂದು ಬರೆದರು. ಅಷ್ಟಿರಲಾರದು ಎಂದು ನನಗೆ ಗೊತ್ತಿತ್ತು. ಹೊಸಬರೆದುರು ನನಗೆ ಬಾಯಿ ಬರುವುದಿಲ್ಲ, ಸುಮ್ಮನಿದ್ದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದಕ್ಕೆ ಕೊಡುವ ಇಂಜೆಕ್ಷನ್ನನ್ನು ತೂಕ ನೋಡಿಯೇ ಅಳೆಯುತ್ತಾರೆ, ಅದು ಹೆಚ್ಚಾದರೆ ರಕ್ತ ಒಸರುತ್ತದೆ ಎಂದು ಆಗ ತಿಳಿದಿರಲಿಲ್ಲ. ನಿನ್ನೆ ಅಜ್ಜಿಯ ವಸಡಿನಲ್ಲಿ ರಕ್ತ ಬಂತು.

ನಮ್ಮ ಅಬ್ಬಾ ಅಜ್ಜಿಯನ್ನು ಎತ್ತಿಕೊಂಡು ತೂಕದ ಮೆಷಿನ್ ಮೇಲೆ ನಿಂತರು. "ಈರುಳ್ಳಿ ಚೀಲ ತೂಗ್ದಂಗೆ ತೂಗ್ತೀಯಲ್ಲೋ ನನ್ನ," ಎಂದು ಅಜ್ಜಿ ಬೈದರು. ಇಬ್ಬರೂ ಸೇರಿ ನೂರಮೂರು, ಅಬ್ಬಾ ಒಬ್ಬರೇ ಅರವತ್ತೈದು. ನಾನು ಮೂವತ್ತೆಂಟು ಎಂದು ತಿದ್ದಿದೆ. "ಏನಮ್ಮಾ, ಕನ್ನಡ ಎಂ.ಎ. ಓದಿದ್ರೆ ಡಾಕ್ಟ್ರಾಗಿಬಿಡ್ತಾರಾ? ಕೇಸ್ ಶೀಟ್ ಏನ್ ನಿಮ್ಮನೆ ನೋಟ್‌ಬುಕ್ಕಾ?" ಎಂದ ಸಿಸ್ಟರ್ ಮತ್ತೆ ಐವತ್ತೈದು ಬರೆದರು.

ನಿಮ್ಮ ಕಾಗದದಲ್ಲಿ ಕೈಯಾಡಿಸುವ ಅಧಿಕಾರ ನನಗಿಲ್ಲ, ಒಪ್ಪುತ್ತೇನೆ. ಕ್ಷಮೆ ಮಾತ್ರ ಕೇಳುವುದಿಲ್ಲ. ಎಂಟು ಗಂಟೆಯ ಇಂಜೆಕ್ಷನ್‌ಗೆ ಮೊದಲು ದಯವಿಟ್ಟು ನೀವೇ ಬಂದು ತೂಕ ನೋಡಿ, ವಸಡನ್ನೂ ನೋಡಿ. ಅಬ್ಬಾ ಇನ್ನೊಮ್ಮೆ ಎತ್ತಿಕೊಳ್ಳುತ್ತಾರೆ. ನೀವು ಬರುವವರೆಗೆ ನಾನು ಹಾಸಿಗೆಯ ಅಂಚಿನಿಂದ ಏಳುವುದಿಲ್ಲ. ಐವತ್ತೈದು ಕಿಲೋದ ಸೂಜಿ ಹಿಡಿದು ಯಾರೇ ಬಂದರೂ ನನ್ನನ್ನು ದಾಟಿಯೇ ಹೋಗಬೇಕು.

ಹದಿನಾಲ್ಕನೇ ಹಾಸಿಗೆಯಿಂದ,
ಅರ್ಫಾ