ಸೂಪಿನ ಬಟ್ಟಲಿಗೆ ಕೆಂಪು ವೈನು

ಸಾರ್ಲಾ, ಶುಕ್ರವಾರ

ಅಪ್ಪಾ,

ನೀವು ಹುಟ್ಟಿದ ಊರನ್ನು ಕೊನೆಗೂ ಕಂಡೆ. ಇಳಿದುಕೊಂಡಿರುವ ಮನೆಗೆ ಏಳುನೂರು ವರ್ಷವಂತೆ. ಬಾಗಿಲು ಗಿಡ್ಡ, ಎರಡು ಸಲ ತಲೆ ಹೊಡೆಸಿಕೊಂಡೆ. ನನ್ನ ಶೀತ ನೋಡಿ ಮನೆಯೊಡತಿ ಆಲ್ಬೆರ್ತ್ ಅಜ್ಜಿ, ಸೂಪು ತಳ ಕಾಣುವ ಹೊತ್ತಿಗೆ ಬಟ್ಟಲಿಗೆ ಕೆಂಪು ವೈನು ಸುರಿದುಬಿಟ್ಟರು. ನಾನು ಚಮಚ ಹಾಕಿದೆ.

“ಚಮಚ ಯಾಕೆ ಹುಡುಗಿ? ಎತ್ತಿ ಕುಡಿ! ಅಪ್ಪ ಈ ಊರೋನೇ ಅಂತೀಯಾ, ಇಷ್ಟೂ ಕಲಿಸಲಿಲ್ವಾ?”

ಕಲಿಸಿದ್ದರು ಎನ್ನಲು ನಾಚಿಕೆಯಾಯಿತು. ನನ್ನ ಮದುವೆಯ ಊಟದಲ್ಲಿ ನೀವು ಹೀಗೇ ಸೂಪಿಗೆ ವೈನು ಸುರಿದು ಬಟ್ಟಲೆತ್ತಿದಾಗ, ಅತ್ತೆ-ಮಾವನೆದುರು ಅದನ್ನು ಕಿತ್ತುಕೊಂಡವಳು ನಾನೇ. ಅದಕ್ಕಾಗಿ ನೀವು ಇವತ್ತಿನವರೆಗೂ ನನ್ನನ್ನು ದೂರಲಿಲ್ಲ.

ಎತ್ತಿ ಕುಡಿದೆ. ಶೀತ ಇಳಿದಿದೆ. ಮುಂದಿನ ವಾರದ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬನ್ನಿ, ಅತ್ತೆ-ಮಾವನೂ ಬರುತ್ತಾರೆ. ಮೇಜಿನ ಮೇಲೆ ಚಮಚ ಇಡುವುದಿಲ್ಲ.

ನಿಮ್ಮ ಸೊಲಾಂಜ್