ಭಾವನನ್ನು ಅಟ್ಟಿಸಿಕೊಂಡು ಬಂದ ಮೀನು

ತಂಗಿ ಇಂಪನಾಗೆ, ಅಂಡಮಾನಿನ ಹ್ಯಾವ್ಲಾಕ್ ದ್ವೀಪದಿಂದ ಅಕ್ಕನ ಆಶೀರ್ವಾದ.

ನಿನ್ನೆ ಸಮುದ್ರದಲ್ಲಿ ತೇಲುತ್ತಾ ಹವಳದ ದಿಬ್ಬಗಳನ್ನೂ ಮೀನುಗಳನ್ನೂ ನೋಡಿದೆವು. ಮುಖಕ್ಕೆ ದಪ್ಪ ಗಾಜಿನ ಕನ್ನಡಕ, ಬಾಯಿಗೆ ಉಸಿರಾಡುವ ಕೊಳವೆ, ಮೈಗೆ ಲೈಫ್ ಜಾಕೆಟ್. ನಾನು ಹೆದರಿ ದೋಣಿಯಲ್ಲೇ ಕೂತಿದ್ದೆ. "ಬೋರನಕಣಿವೆ ಡ್ಯಾಮಲ್ಲಿ ಈಜಿದೋನ್ ಕಣೇ ನಾನು, ಕೈ ಹಿಡ್ಕೊಂಡ್ ಬಾ" ಎಂದು ನಿನ್ನ ಭಾವ ಇಳಿಸಿದರು. ಗಿಳಿಮೀನುಗಳು ಹವಳ ಕಡಿಯುವ ಸದ್ದು ಒಣಕೊಬ್ಬರಿ ಕಡಿದ ಹಾಗೇ ಕೇಳಿಸುತ್ತಿತ್ತು.

ಏನನ್ನೂ ಮುಟ್ಟಬೇಡಿ ಎಂದು ಗೈಡ್ ಹೇಳಿದ್ದರೂ ನಿನ್ನ ಭಾವ ಒಂದು ಕಿತ್ತಳೆ ಬಣ್ಣದ ಮೀನಿನ ಗೂಡಿಗೆ ಕೈ ಚಾಚಿದರು. ಬೆರಳುದ್ದದ ಆ ಮೀನು ನೇರವಾಗಿ ಅವರ ಕನ್ನಡಕಕ್ಕೇ ಬಂದು ಗುದ್ದಿತು. ಹಿಂದೆ ಸರಿದರೆ ಅಟ್ಟಿಸಿಕೊಂಡು ಬಂತು. ಇವರು ಕೊಳವೆ ಕಿತ್ತು ತಲೆಯೆತ್ತಿ, "ನಾವು ಮೀನು ತಿನ್ನೋರಲ್ಲ ಕಣಪ್ಪ, ಬುಟ್ಬುಡು" ಎಂದು ಕೂಗಿ, ಉಪ್ಪುನೀರು ಕುಡಿದು, ನನ್ನ ಕತ್ತಿಗೆ ಜೋತುಬಿದ್ದರು. ಈಜು ಬಾರದ ನಾನೇ ಕೈಕಾಲು ಬಡಿದು ಅವರನ್ನು ದೋಣಿಯವರೆಗೆ ಎಳೆದುತಂದೆ.

ಅವರ ಗಂಟಲು ಕಟ್ಟಿದೆ, ಶುಂಠಿ ಕಷಾಯ ಕೊಡುತ್ತಿದ್ದೇನೆ. ಮಿಕ್ಕಂತೆ ಇಬ್ಬರೂ ಆರೋಗ್ಯ. ನಾಳೆ ನಾನು ಮತ್ತೆ ನೀರಿಗಿಳಿಯುತ್ತೇನೆ. ಅವರು ದೋಣಿಯಲ್ಲಿ ಕೂತು ಚಪ್ಪಲಿ ಕಾಯುತ್ತಾರಂತೆ.

"ಹಂದನಕೆರೇಲಿ ಯಾರ್ಗೂ ಹೇಳ್ಬೇಡ ಕಣೇ" ಎಂದು ಕೈಮುಗಿದಿದ್ದಾರೆ. ಅದಕ್ಕೇ ಫೋನ್ ಮಾಡದೆ ಕಾರ್ಡು ಹಾಕುತ್ತಿದ್ದೇನೆ. ಪೋಸ್ಟ್‌ಮ್ಯಾನ್ ಈರಣ್ಣ ಓದಿ ಮುಗಿಸಿದ ಮೇಲೆ ನೀನೂ ಓದು.

ಜಾಗ ಮುಗಿಯಿತು.
ನಿನ್ನ ಅಕ್ಕ, ಗಿರಿಜಾಂಬಿಕಾ