ಕೋಲೆತ್ತಿ ನಡೆಯುವ ದಾರಿ

ಮೇ ೨೨

ಅಳಿಯನಿಗೆ,

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳನ್ನು ಈ ವಯಸ್ಸಿನಲ್ಲಿ ಕಾಗದ ಬರೆಯಲು ಕೂರಿಸಿದೆಯಲ್ಲ, ನಿನಗೆ ಬೇರೆ ಕೆಲಸ ಇಲ್ಲವೇ? ದಿಂಬು ಹೊಲಿ ಅಂದರೆ ಹೊಲಿದೇನು. "ಅತ್ತೆ, ಫೋನಲ್ಲಿ ನೀವು ಕೂಗಾಡ್ತೀರ, ಬರೆದು ಕಳ್ಸಿ, ತಣ್ಣಗೆ ಓದ್ತೀನಿ" ಅಂದೆ. ತಗೋ, ಓದು. ತಡವಾಯಿತು. ಸಿಟ್ಟು ಇಳಿಯದೆ ನನಗೆ ಅಕ್ಷರ ನೆಟ್ಟಗೆ ಬರುವುದಿಲ್ಲ.

ಮೊಣಕಾಲು ಹಾಗೇ ಇದೆ. ನಿನ್ನ ಮಗಳು ಚೂಟಿಯ ಕೆಮ್ಮು ಹೋಯಿತು, ಮುಂದಿನ ಹಲ್ಲೂ ಹೋಯಿತು. ಹೋಟೆಲಿನವರು ಹೊಲಿಯಲು ಕುರ್ಚಿ ಮೆತ್ತೆಗಳನ್ನು ರಾಶಿ ಹಾಕಿ ಹೋಗಿದ್ದಾರೆ, ಮನೆಯೊಳಗೆ ಕಾಲಿಡಲು ಜಾಗವಿಲ್ಲ.

ವಿಷಯಕ್ಕೆ ಬರುತ್ತೇನೆ. ದೀಪಸ್ತಂಭದ ಕೆಲಸ ಖಾಯಮ್ಮಾಯಿತು, ಅಲ್ಲಿ ಹಕ್ಕಿ ಕಾಯುವವಳನ್ನು ಮದುವೆಯಾಗುತ್ತೇನೆ, ಶಾಲೆ ಶುರುವಾಗುವ ಮೊದಲೇ ಚೂಟಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ನೀನು ಮೂರು ಮಾತನ್ನೂ ಒಂದೇ ಉಸಿರಿಗೆ ಹೇಳಿದೆ. ನನ್ನ ಮಗಳು ತೀರಿಕೊಂಡಾಗಿನಿಂದ ಆ ಮಗು ನನ್ನ ಮಗ್ಗುಲಲ್ಲಿ ಮಲಗುತ್ತಿದೆ. ಹೋದ ಭಾನುವಾರ ಚೂಟಿಯನ್ನು ಕರೆದುಕೊಂಡು ನಾನು ಬಂದದ್ದು ದೀಪಸ್ತಂಭ ನೋಡಲಿಕ್ಕಲ್ಲ, ಕೊಡುವುದಿಲ್ಲ ಅನ್ನಲಿಕ್ಕೆ.

ನೀನು ಮೇಲೆ ಯಾರಿಗೋ ಹಳೇ ದೀಪ ತೋರಿಸುತ್ತಿದ್ದೆ. ಗೇಟಿಗೆ ಆ ಹಕ್ಕಿ ಕಾಯುವವಳೇ ಬಂದಳು. "ಅಮ್ಮಾ, ಈ ಕೋಲನ್ನ ತಲೆಗಿಂತ ಎತ್ತರಕ್ಕೆ ಹಿಡ್ಕೊಂಡು ನಡೀರಿ. ಹಕ್ಕಿಗಳು ಮೊಟ್ಟೆ ಇಟ್ಟಿವೆ. ಯಾವುದು ಎತ್ತರಕ್ಕಿದೆಯೋ ಅದನ್ನೇ ಕುಕ್ತವೆ" ಅಂದಳು.

"ನನ್ನ ಅಳಿಯನನ್ನ ನೋಡೋಕೆ ನಾನು ಕೋಲೆತ್ಕೊಂಡು ಹೋಗ್ಬೇಕಾ?" ಅಂದೆ.

"ಬೇಡ ಅಂದ್ರೆ ಬೇಡಮ್ಮ. ಆದ್ರೆ ಅವಕ್ಕೆ ನಿಮ್ಮ ಸಂಬಂಧ ಗೊತ್ತಿಲ್ಲ."

ಬಾಯಿ ಇದೆ ಅವಳಿಗೆ. ನಾನು ಕೋಲು ಮುಟ್ಟದೆಯೇ ನಡೆದೆ.

ಕಪ್ಪು ಟೋಪಿ ಹಾಕಿಕೊಂಡಂತಿದ್ದ ಆ ಬಿಳಿ ಹಕ್ಕಿಗಳು ಹತ್ತು ಹೆಜ್ಜೆ ಇಡುವುದರೊಳಗೆ ಮೇಲೆ ಬಿದ್ದವು. ಅಂಗೈಯಲ್ಲಿ ಕೂರುವಷ್ಟು ಹಕ್ಕಿಗೆ ಎಂಥಾ ರೋಷ ಅಂತೀಯ! ನೆತ್ತಿಯಿಂದ ರಕ್ತ ಬಂತು. ಅವಳು ತನ್ನ ಕೋಲನ್ನು ನನ್ನ ತಲೆಯ ಮೇಲೆ ಹಿಡಿದು ಬಾಗಿಲ ತನಕ ಬಂದಳು. ಅವಳ ತಲೆಗೆ ಬಿದ್ದ ಏಟನ್ನು ನೀನು ನೋಡಿಲ್ಲ, ನಾನು ನೋಡಿದೆ. ಚೂಟಿ ಮಾತ್ರ ಕೋಲೆತ್ತಿಕೊಂಡು ಹುಟ್ಟಿದವಳ ಹಾಗೆ ಮುಂದೆ ನಡೆದಳು. "ಅಜ್ಜಿ, ಅದು ಕಲ್ಲಲ್ಲ, ಮೊಟ್ಟೆ, ಕಾಲಿಡ್ಬೇಡ!" ಎಂದು ನನ್ನನ್ನೇ ಗದರಿಸಿದಳು.

ಮೇಲಿಂದ ನೋಡಿದರೆ ಸೀಲು ಎಂಬ ಆ ಕಡಲ ಪ್ರಾಣಿಗಳು ಬಂಡೆಯ ಮೇಲೆ ಹೊಲಿಗೆ ಬಿಟ್ಟ ದಿಂಬುಗಳಂತೆ ಬಿದ್ದಿದ್ದವು. ಚೂಟಿ ನಿನ್ನ ಹೆಗಲೇರಿ ಅವುಗಳ ಹಾಗೆ ಕೂಗುತ್ತಿದ್ದಾಗ ನಾನು ಆ ಹಕ್ಕಿಯವಳನ್ನು ಮೂಲೆಗೆ ಕರೆದು ನೇರವಾಗಿ ಕೇಳಿದೆ: "ಸತ್ತವಳ ಮಗುವನ್ನ ಸಾಕ್ತೀಯಾ?"

"ಗೊತ್ತಿಲ್ಲಮ್ಮ. ಅವಳು ನನ್ನ ಒಪ್ಕೊಂಡ್ರೆ ನೋಡೋಣ" ಅಂದಳು.

'ನನ್ನ ಹೊಟ್ಟೇಲಿ ಹುಟ್ಟಿದ ಹಾಗೆ ನೋಡ್ಕೋತೀನಿ' ಅಂದಿದ್ದರೆ ಅಲ್ಲಿಂದಲೇ ಮಗುವನ್ನು ಎಳೆದುಕೊಂಡು ಬಸ್ಸು ಹತ್ತುತ್ತಿದ್ದೆ. ಅನ್ನಲಿಲ್ಲ. ಆದರೂ ಕೊಡುವುದಿಲ್ಲ ಎಂದೇ ನಿನಗೆ ಹೇಳಿ ಬಂದೆ.

ಈಗ ಹೇಳುತ್ತೇನೆ, ಕರೆದುಕೊಂಡು ಹೋಗು. ಮದುವೆಯನ್ನೂ ಮಾಡಿಕೋ. ಚೆನ್ನಾಗಿರಿ ಇಬ್ಬರೂ. ನನ್ನ ಮಗಳನ್ನು ನೀನು ಚೆನ್ನಾಗಿಯೇ ನೋಡಿಕೊಂಡೆ, ಅದನ್ನು ಎದುರಿಗೆ ಯಾವತ್ತೂ ಹೇಳಿರಲಿಲ್ಲ. ದೇವರು ಒಳ್ಳೆಯದು ಮಾಡಲಿ.

ನಿನ್ನ ಅತ್ತೆ

ಮರೆತ ಮಾತು: ಮರೆತದ್ದೇನೂ ಅಲ್ಲ, ಮೇಲೆ ಬರೆಯಲು ಆಗಲಿಲ್ಲ. ಬಸ್ಸಿನಲ್ಲಿ ಚೂಟಿಯನ್ನು ಕೇಳಿದೆ, ಅಪ್ಪನ ಹತ್ತಿರ ಇರುತ್ತೀಯಾ ಎಂದು. "ಇಲ್ಲ" ಅಂದಳು. ಗೆದ್ದೆ ಅಂದುಕೊಂಡೆ. ಮರುದಿನ ಜಡೆ ಹಾಕುವಾಗ ಯಾಕೆ ಎಂದು ಕೇಳಿದೆ. "ನಾನು ಹೋದ್ರೆ ನೀನು ಯಾರನ್ನ ಬೈತೀಯ ಅಜ್ಜಿ? ಸುಮ್ನೆ ಕೂತ್ಬಿಡ್ತೀಯ, ಅಮ್ಮ ಹೋದಾಗ ಕೂತ ಹಾಗೆ" ಅಂದಳು. ಏಳು ವರ್ಷದ ಮಗು ನನ್ನನ್ನು ಕಾಯುತ್ತಾ ಕೂತಿದೆ ಕಣಪ್ಪಾ. ಆ ಕೆಲಸವನ್ನು ಅದಕ್ಕೆ ನಾನು ಕೊಟ್ಟಿರಲಿಲ್ಲ. ಅಜ್ಜಿಗೆ ಮೆತ್ತೆ ಕೆಲಸ ಜಾಸ್ತಿ, ನಿನ್ನನ್ನ ನೋಡ್ಕೊಳ್ಳೋಕೆ ಪುರಸೊತ್ತಿಲ್ಲವಂತೆ ಎಂದು ನೀನೇ ಬಂದು ಅವಳಿಗೆ ಹೇಳಬೇಕು. ನಾನು ಹೇಳಿದರೆ ನನ್ನ ಮುಖ ನೋಡಿಯೇ ಕಂಡುಹಿಡಿಯುತ್ತಾಳೆ. ಯಾವ ದಿನ ಬರುತ್ತೀಯ, ಬರೆ. ಮೂವತ್ತನೇ ತಾರೀಕಿನೊಳಗೆ ಉತ್ತರ ಇಲ್ಲಿರಬೇಕು.